ಗೋಧಿ ಬಿಡುವ ಮೊದಲು ರಕ್ತ ಕೊಡಿ

ಗೋಧಿಯಲ್ಲಿರುವ ಗ್ಲುಟೆನ್ ಹಾಗೂ ಅದರಿಂದ ಕೆಲವರ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆಯ ಕುರಿತು ಬಂದ ಪತ್ರಗಳಲ್ಲಿ ಐದನ್ನು ಈ ಸಲ ಆಯ್ದುಕೊಂಡಿದ್ದೇನೆ. ಪತ್ರ ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ಎಂಟು ತಿಂಗಳಿಂದ ನಾನು ಗೋಧಿಯನ್ನು ಪೂರ್ತಿಯಾಗಿ ಬಿಟ್ಟಿದ್ದೇನೆ. ಹೊಟ್ಟೆಯುಬ್ಬರ, ಪದೇ ಪದೇ ಆಗುತ್ತಿದ್ದ ಭೇದಿ, ವಿಪರೀತ ಸುಸ್ತು ಎಲ್ಲವೂ ಬಹುಮಟ್ಟಿಗೆ ಇಳಿದಿವೆ. ಈಚೆಗೆ ಸೀಲಿಯಾಕ್ ರಕ್ತಪರೀಕ್ಷೆ ಮಾಡಿಸಿದಾಗ ವರದಿ ನೆಗೆಟಿವ್ ಬಂತು. ಆದರೆ ವೈದ್ಯರು ಈ ವರದಿಯನ್ನು ನಂಬುವಂತಿಲ್ಲ, ಮತ್ತೆ ಕೆಲವು ವಾರ ಗೋಧಿ ತಿಂದು ಪರೀಕ್ಷಿಸಿಕೊಳ್ಳಬೇಕು ಎನ್ನುತ್ತಾರೆ. ಗುಣ ಕಂಡ ಮೇಲೂ ವಿಷ ತಿನ್ನಬೇಕೆ?

ಉತ್ತರ: ತಿನ್ನಬೇಕಾಗಬಹುದು. ಅದನ್ನು ವಿಷವೆಂದು ಕರೆಯುವ ಮುನ್ನ ನಿಮ್ಮ ದೇಹಕ್ಕೆ ಅದು ನಿಜವಾಗಿಯೂ ವಿಷವೇ ಎಂಬುದು ತೀರ್ಮಾನವಾಗಬೇಕು. ಈಗ ನಿಮ್ಮ ಕೈಯಲ್ಲಿರುವ ವರದಿ ಅದನ್ನು ತೀರ್ಮಾನಿಸುವುದಿಲ್ಲ. ಏಕೆಂದು ತಿಳಿಯಲು ಗ್ಲುಟೆನ್ ಕರುಳಿನೊಳಗೆ ಏನು ಮಾಡುತ್ತದೆ ಎಂಬುದನ್ನು ತುಸು ವಿವರವಾಗಿಯೇ ನೋಡಬೇಕು.

ಗೋಧಿ ಹಿಟ್ಟನ್ನು ಕಲಸಿ ನಾದಿ, ಪಿಷ್ಟವೆಲ್ಲ ಹೋಗುವವರೆಗೆ ನೀರಿನಲ್ಲಿ ತೊಳೆದರೆ ಕೊನೆಗೆ ಕೈಯಲ್ಲಿ ಉಳಿಯುವ ಜಿಗುಟಾದ ಮುದ್ದೆಯೇ ಗ್ಲುಟೆನ್. ಅದು ಒಂದೇ ಪ್ರೋಟೀನ್ ಅಲ್ಲ. ಗ್ಲಯಾಡಿನ್ ಮತ್ತು ಗ್ಲುಟೆನಿನ್ ಎಂಬ ಎರಡು ಗುಂಪುಗಳಿಗೆ ಸೇರಿದ ಹಲವು ಪ್ರೋಟೀನ್‌ಗಳ ಕೂಟ. ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿ ಇವುಗಳ ಹತ್ತಿರದ ಸಂಬಂಧಿಗಳಿವೆ. ಈ ಪ್ರೋಟೀನ್‌ಗಳಲ್ಲಿ ಪ್ರೋಲೀನ್ ಮತ್ತು ಗ್ಲುಟಮೀನ್ ಎಂಬ ಅಮೈನೋ ಆಮ್ಲಗಳು ಎಷ್ಟು ಒತ್ತಾಗಿವೆಯೆಂದರೆ, ನಮ್ಮ ಜೀರ್ಣಕಿಣ್ವಗಳಿಗೆ ಅವುಗಳನ್ನು ಪೂರ್ತಿಯಾಗಿ ಕತ್ತರಿಸಲು ಆಗುವುದಿಲ್ಲ. 2002ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಚೈತನ್ ಖೋಸ್ಲಾ ಮತ್ತು ಸಂಗಡಿಗರು ಗ್ಲಯಾಡಿನ್‌ನಿಂದ ಬರುವ, 33 ಅಮೈನೋ ಆಮ್ಲಗಳ ಒಂದು ತುಣುಕು ಜಠರದ, ಮೇದೋಜೀರಕದ ಹಾಗೂ ಕರುಳಿನ ಒಳಪದರದ ಕಿಣ್ವಗಳೆಲ್ಲವನ್ನೂ ದಾಟಿ ಇಡಿಯಾಗಿ ಉಳಿಯುತ್ತದೆಂದು ತೋರಿಸಿದರು. ಇದು ರೋಗಿಗಳಲ್ಲಿ ಮಾತ್ರ ಆಗುವ ಅಜೀರ್ಣವಲ್ಲ ಎಂಬುದನ್ನು ಗಮನಿಸಿ. ನಿಮ್ಮಲ್ಲೂ ನನ್ನಲ್ಲೂ ಆ ತುಣುಕು ಉಳಿಯುತ್ತದೆ.

ವ್ಯತ್ಯಾಸ ಇರುವುದು ಮುಂದಿನ ಹಂತದಲ್ಲಿ. ಕರುಳಿನ ಗೋಡೆಯಲ್ಲಿರುವ ಟ್ರಾನ್ಸ್‌ಗ್ಲುಟಾಮಿನೇಸ್ ಎಂಬ ಕಿಣ್ವ ಈ ತುಣುಕಿನ ಕೆಲವು ಗ್ಲುಟಮೀನ್‌ಗಳನ್ನು ಗ್ಲುಟಮಿಕ್ ಆಮ್ಲವಾಗಿ ಬದಲಿಸುತ್ತದೆ. ಹಾಗೆ ಬದಲಾದಾಗ ಅಲ್ಲೊಂದು ಋಣವಿದ್ಯುದಂಶ ಮೂಡುತ್ತದೆ. ಎಚ್‌ಎಲ್‌ಎ-ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ಅಣುಗಳನ್ನು ಹುಟ್ಟಿನಿಂದ ಪಡೆದವರಲ್ಲಿ ಆ ತುಣುಕು ಈ ಅಣುಗಳ ತೋಡಿನೊಳಗೆ ಬಿಗಿಯಾಗಿ ಕೂರುತ್ತದೆ, ಮತ್ತು ಅದನ್ನು ಕಂಡ, ದೇಹದ ರಕ್ಷಣಾ ವ್ಯವಸ್ಥೆಯ ಟಿ-ಜೀವಕೋಶಗಳು ಕಾಯಿಲೆಗೆ ಗುರಿಯಾದವರಲ್ಲಿ ದಾಳಿಯ ಕರೆ ಕೊಡುತ್ತವೆ. ಅದರ ಫಲವಾಗಿ ಆಹಾರವನ್ನು ಹೀರಿಕೊಳ್ಳಬೇಕಾದ ವಿಲ್ಲೈ ಎಂಬ ಬೆರಳಿನಂಥ ಚಾಚಿಕೆಗಳು ಸವೆದು ಕರುಳಿನ ಒಳಮೈ ಮಟ್ಟಸವಾಗುತ್ತದೆ.

ವಿಚಿತ್ರವೆಂದರೆ, ಇವರ ರಕ್ತದಲ್ಲಿ ಕಾಣುವ ಮುಖ್ಯ ಪ್ರತಿಕಾಯ ಗೋಧಿಯ ವಿರುದ್ಧದ್ದಲ್ಲ, ತಮ್ಮದೇ ಟ್ರಾನ್ಸ್‌ಗ್ಲುಟಾಮಿನೇಸ್‌ನ ವಿರುದ್ಧದ್ದು. ಇದನ್ನು 1997ರಲ್ಲಿ ಬರ್ಲಿನ್‌ನಲ್ಲಿ ಡೆಟ್ಲೆಫ್ ಶುಪ್ಪಾನ್ ಅವರ ತಂಡ ಗುರುತಿಸಿತು. ನಿಮಗೆ ಮಾಡಿದ ರಕ್ತಪರೀಕ್ಷೆಯ ಮೂಲ ಅದೇ ಶೋಧ. ಸ್ವಂತ ಕಿಣ್ವದ ವಿರುದ್ಧ ಎದ್ದ ಪ್ರತಿಕಾಯ ಗೋಧಿ ಬಿಟ್ಟ ಮಾತ್ರಕ್ಕೆ ಏಕೆ ಇಳಿಯಬೇಕು? ಇದಕ್ಕೆ ನಾರ್ವೆಯ ಲುಡ್ವಿಗ್ ಸೊಲ್ಲಿಡ್ ಮತ್ತು ಸಂಗಡಿಗರು ಕೊಟ್ಟ ವಿವರಣೆ ನನಗೆ ಬಹಳ ಸೊಗಸೆನಿಸುತ್ತದೆ. ಕಿಣ್ವವು ಗ್ಲುಟೆನ್ ತುಣುಕಿಗೆ ಅಂಟಿಕೊಂಡೇ ಕೆಲಸ ಮಾಡುತ್ತದೆ. ಪ್ರತಿಕಾಯ ತಯಾರಿಸುವ ಬಿ-ಜೀವಕೋಶ ಕಿಣ್ವವನ್ನು ಹಿಡಿದಾಗ ಅಂಟಿದ ಗ್ಲುಟೆನ್ ಕೂಡ ಒಳಗೆ ಬರುತ್ತದೆ. ಅದನ್ನು ಗುರುತಿಸುವ ಟಿ-ಜೀವಕೋಶ ಆ ಬಿ-ಜೀವಕೋಶಕ್ಕೆ ಒತ್ತಾಸೆಯಾಗುತ್ತದೆ. ಗ್ಲುಟೆನ್ ಬರುವುದು ನಿಂತರೆ ಒತ್ತಾಸೆಯೂ ನಿಂತು, ಪ್ರತಿಕಾಯ ತಿಂಗಳು ತಿಂಗಳಿಗೆ ಕರಗುತ್ತ ಹೋಗುತ್ತದೆ, ಕರುಳೂ ನಿಧಾನವಾಗಿ ಚೇತರಿಸಿಕೊಳ್ಳುತ್ತದೆ. ಎಂಟು ತಿಂಗಳ ಪಥ್ಯದ ನಂತರ ಬಂದ ನೆಗೆಟಿವ್ ವರದಿಗೆ ಹೀಗೆ ಎರಡು ಅರ್ಥಗಳಿವೆ: ನಿಮಗೆ ಕಾಯಿಲೆ ಇಲ್ಲ, ಅಥವಾ ಪಥ್ಯ ಚೆನ್ನಾಗಿ ಕೆಲಸ ಮಾಡಿದೆ. ಎರಡರ ನಡುವೆ ಆರಿಸಲು ಆ ಪರೀಕ್ಷೆಗೆ ಶಕ್ತಿಯಿಲ್ಲ.

ಆದ್ದರಿಂದಲೇ ವೈದ್ಯರ ನಿಗಾದಲ್ಲಿ ಮತ್ತೆ ಗ್ಲುಟೆನ್ ತಿಂದು ನೋಡುವ ಕ್ರಮ ಬಂದಿದೆ. ದಿನಕ್ಕೆ ಸುಮಾರು 3 ಗ್ರಾಂನಷ್ಟು ಗ್ಲುಟೆನ್ ಎರಡು ವಾರ ತಿಂದರೆ ಹೆಚ್ಚಿನ ರೋಗಿಗಳ ಕರುಳಿನಲ್ಲಿ ಬದಲಾವಣೆ ಕಾಣತೊಡಗುತ್ತದೆ. ರಕ್ತದ ಪ್ರತಿಕಾಯ ಏರಲು ಇನ್ನಷ್ಟು ದಿನ ಹಿಡಿಯುವುದರಿಂದ, ತಾಳಿಕೊಳ್ಳಲು ಸಾಧ್ಯವಿರುವವರಿಗೆ ಆರರಿಂದ ಎಂಟು ವಾರ ಹೇಳುವುದುಂಟು. ಆ ಕಷ್ಟ ಬೇಡವೆನಿಸಿದರೆ ಮೊದಲು ಡಿಕ್ಯೂ2 ಮತ್ತು ಡಿಕ್ಯೂ8 ಜೀನ್ ಪರೀಕ್ಷೆ ಮಾಡಿಸಿ, ಏಕೆಂದರೆ ಅದು ಪಥ್ಯದಿಂದ ಬದಲಾಗುವಂಥದ್ದಲ್ಲ. ಎರಡೂ ಇಲ್ಲವೆಂದಾದರೆ ಸೀಲಿಯಾಕ್ ಕಾಯಿಲೆಯನ್ನು ಬಹುಪಾಲು ಕೈಬಿಡಬಹುದು, ಗೋಧಿ ತಿನ್ನುವ ಪ್ರಯೋಗವೂ ತಪ್ಪುತ್ತದೆ. ಪಥ್ಯದಲ್ಲಿ ಇರುವವರ ರಕ್ತದಲ್ಲೇ ಗ್ಲುಟೆನ್ ಗುರುತಿಸುವ ಅಪರೂಪದ ಟಿ-ಜೀವಕೋಶಗಳನ್ನು ಹೆಕ್ಕಿ ತೆಗೆಯುವ ವಿಧಾನವೂ ಸಂಶೋಧನಾಲಯಗಳಲ್ಲಿ ಬಳಕೆಯಲ್ಲಿದೆ. ಆ ಜೀವಕೋಶಗಳು ವರ್ಷಗಟ್ಟಲೆ ಉಳಿದು, ಪ್ರತಿಕಾಯ ಮರೆತದ್ದನ್ನೂ ನೆನಪಿಟ್ಟುಕೊಂಡಿರುತ್ತವೆ. ಅದು ಇನ್ನೂ ದಿನನಿತ್ಯದ ಪರೀಕ್ಷೆಯಾಗಿಲ್ಲ.

ಪ್ರಶ್ನೆ: ನಾನು ಜೀವವಿಜ್ಞಾನದ ವಿದ್ಯಾರ್ಥಿನಿ. ಎರಡನೇ ಮಹಾಯುದ್ಧದ ಬರಗಾಲದಲ್ಲಿ ಬ್ರೆಡ್ ಸಿಗದೆ ಮಕ್ಕಳು ಗುಣವಾದದ್ದರಿಂದ ಈ ಕಾಯಿಲೆಯ ಕಾರಣ ತಿಳಿಯಿತೆಂದು ಓದಿದ್ದೇನೆ. ಇದು ನಿಜವೇ? ಇಂದು ಇದನ್ನು ಪ್ರಯೋಗಾಲಯದಲ್ಲಿ ಯಾವುದರ ಮೇಲೆ ಅಧ್ಯಯನ ಮಾಡುತ್ತಾರೆ?

ಉತ್ತರ: ಅರ್ಧ ನಿಜ. ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಕರೆಲ್ ಡಿಕೆ ಅವರಿಗೆ ಗೋಧಿಯ ಮೇಲೆ ಸಂಶಯ ಹುಟ್ಟಿದ್ದು ಯುದ್ಧಕ್ಕೂ ಮೊದಲೇ, 1930ರ ದಶಕದಲ್ಲಿ. 1944–45ರ ಹಸಿವಿನ ಚಳಿಗಾಲ ಆ ಸಂಶಯವನ್ನು ಬಲಪಡಿಸಿತು. ಬರಗಾಲದ ಕಥೆ ಚೆನ್ನಾಗಿರುವುದರಿಂದ ಎಲ್ಲರೂ ಅದನ್ನೇ ಹೇಳುತ್ತಾರೆ, ಆದರೆ ಕಥೆಯೊಂದೇ ಪುರಾವೆಯಾಗುವುದಿಲ್ಲ. ನಿಜವಾದ ಕೆಲಸ ನಡೆದದ್ದು ಆಮೇಲೆ, ಯಾರೂ ಹಾಡಿ ಹೊಗಳದಂಥ ಜಾಗದಲ್ಲಿ: ಜೀವರಸಾಯನ ವಿಜ್ಞಾನಿ ವಾನ್ ಡೆ ಕಾಮರ್ ಮಲದಲ್ಲಿರುವ ಕೊಬ್ಬನ್ನು ನಿಖರವಾಗಿ ಅಳೆಯುವ ವಿಧಾನವೊಂದನ್ನು ರೂಪಿಸಿದ್ದರು. ಕರುಳು ಕೊಬ್ಬನ್ನು ಹೀರಿಕೊಳ್ಳದಿದ್ದರೆ ಅದು ಮಲದಲ್ಲಿ ಹೊರಬರುತ್ತದೆ. ಮಗುವಿನ ಆಹಾರಕ್ಕೆ ಒಮ್ಮೆ ಗೋಧಿ ಹಿಟ್ಟು ಸೇರಿಸಿ, ಒಮ್ಮೆ ತೆಗೆದು, ಮುಂದೆ ಹಿಟ್ಟನ್ನೇ ಪಿಷ್ಟ ಮತ್ತು ಪ್ರೋಟೀನ್ ಎಂದು ಬೇರ್ಪಡಿಸಿ ಕೊಟ್ಟು ಅಳೆದಾಗ ಹಾನಿ ಮಾಡುವುದು ಪಿಷ್ಟವಲ್ಲ, ಪ್ರೋಟೀನ್ ಎಂದು ತಿಳಿಯಿತು. ಡಿಕೆ ತಮ್ಮ ಮಹಾಪ್ರಬಂಧವನ್ನು 1950ರಲ್ಲಿ ಉಟ್ರೆಕ್ಟ್‌ನಲ್ಲಿ ಮಂಡಿಸಿದರು. ಕೇವಲ ಮಕ್ಕಳ ಚೇತರಿಕೆಯನ್ನು ಕಣ್ಣಳತೆಯಲ್ಲಿ ನೋಡಿದ್ದರೆ ಅಕ್ಕಿ, ಬಾಳೆಹಣ್ಣು, ವಿಶ್ರಾಂತಿ ಯಾವುದಕ್ಕೆ ಬೇಕಾದರೂ ಶ್ರೇಯಸ್ಸು ಸಲ್ಲಿಸಬಹುದಿತ್ತು. ಬಾಳೆಹಣ್ಣಿನ ಪಥ್ಯಕ್ಕೆ 1924ರಿಂದ ಹಾಗೆ ಶ್ರೇಯಸ್ಸು ಸಲ್ಲುತ್ತಲೂ ಇತ್ತು.

ಕರುಳಿನೊಳಗಿನ ಹಾನಿಯನ್ನು ನೇರವಾಗಿ ಕಂಡದ್ದು 1954ರಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಾಂಶದಲ್ಲಿ. ಅನಂತರ ಕೊಳವೆಯ ತುದಿಗೆ ಕಟ್ಟಿ ನುಂಗಿಸುವ ಪುಟ್ಟ ಸಾಧನಗಳು ಬಂದು, ಹೊಟ್ಟೆ ಕೊಯ್ಯದೆಯೇ ಪರೀಕ್ಷೆಗೆ ಕರುಳಿನ ಚೂರು ತೆಗೆಯುವುದು, ಅಂದರೆ ಬಯಾಪ್ಸಿ, ಸಾಧ್ಯವಾಯಿತು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಇಲಿಗಳಿಗೆ ಈ ಕಾಯಿಲೆ ತಾನಾಗಿ ಬರುವುದಿಲ್ಲ, ಬಹುಕಾಲ ಇದೇ ದೊಡ್ಡ ತೊಡಕಾಗಿತ್ತು. ಮನುಷ್ಯರ ಡಿಕ್ಯೂ8 ಜೀನ್ ಸೇರಿಸಿದರೂ ಇಲಿಯ ವಿಲ್ಲೈ ಸವೆಯಲಿಲ್ಲ. 2020ರಲ್ಲಿ ಷಿಕಾಗೋದ ಬನಾ ಜಾಬ್ರಿ ಅವರ ತಂಡ, ಡಿಕ್ಯೂ8 ಇರುವ ಇಲಿಗಳ ಕರುಳಿನಲ್ಲಿ ಇಂಟರ್‌ಲ್ಯೂಕಿನ್-15 ಎಂಬ ಸಂಕೇತ ಪ್ರೋಟೀನ್ ಕೂಡ ಹೆಚ್ಚಿರುವಂತೆ ಮಾಡಿ ಗ್ಲುಟೆನ್ ತಿನ್ನಿಸಿದಾಗ ವಿಲ್ಲೈ ಸವೆದವು. ಗ್ಲುಟೆನ್ ತೆಗೆದಾಗ ಚೇತರಿಸಿಕೊಂಡವು. ಮೂರೂ ಕೂಡಿದಾಗಲಷ್ಟೇ ಕಾಯಿಲೆ ಎಂಬುದು ಇದರಿಂದ ಸ್ಪಷ್ಟವಾಯಿತು. 2024ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇಲಿಯನ್ನೇ ಬಿಟ್ಟು, ರೋಗಿಗಳ ಬಯಾಪ್ಸಿ ಚೂರುಗಳಿಂದ ಪ್ರತಿರಕ್ಷಣಾ ಜೀವಕೋಶಗಳೂ ಉಳಿದುಕೊಂಡಿರುವ ಆರ್ಗನಾಯ್ಡ್‌ಗಳನ್ನು, ಅಂದರೆ ಕರುಳಿನ ಪುಟ್ಟ ಪ್ರತಿರೂಪಗಳನ್ನು, ಬೆಳೆಸಿ ಅವುಗಳಿಗೆ ಗ್ಲುಟೆನ್ ತುಣುಕುಗಳನ್ನು ಹಾಕಿದರು. ಒಳಪದರದ ಜೀವಕೋಶಗಳು ಸಾಯುವುದನ್ನು ಅಲ್ಲೇ ಕಂಡದ್ದಲ್ಲದೆ, ಅದರಲ್ಲಿ ಇಂಟರ್‌ಲ್ಯೂಕಿನ್-7ರ ಪಾತ್ರವನ್ನೂ ಗುರುತಿಸಿದರು. ನೀವು ಸಂಶೋಧನೆಗೆ ಹೋಗುವ ಮನಸ್ಸಿದ್ದರೆ ಈ ದಾರಿ ಗಮನಾರ್ಹ.

ಪ್ರಶ್ನೆ: ನನ್ನ ರಕ್ತಪರೀಕ್ಷೆ, ಬಯಾಪ್ಸಿ ಎರಡೂ ಗೋಧಿ ತಿನ್ನುತ್ತಿದ್ದಾಗಲೇ ಆದವು, ಎರಡೂ ಸರಿಯಾಗಿವೆ. ಆದರೂ ಗೋಧಿ ತಿಂದರೆ ಹೊಟ್ಟೆ ಉಬ್ಬಿ ತಲೆ ಭಾರವಾಗುತ್ತದೆ. ಎಲ್ಲವೂ ನನ್ನ ಮನಸ್ಸಿನ ಭ್ರಮೆ ಎನ್ನುತ್ತಾರೆ.

ಉತ್ತರ: ಭ್ರಮೆ ಎಂಬ ಮಾತು ಒರಟಾಯಿತು, ಹೊಟ್ಟೆ ಉಬ್ಬುವುದು ನಿಜ. ಪ್ರಶ್ನೆ ಇರುವುದು ಉಬ್ಬಿಸುತ್ತಿರುವುದು ಗ್ಲುಟೆನ್ನೇ ಎಂಬುದರಲ್ಲಿ. ಸೀಲಿಯಾಕ್ ಅಲ್ಲದ ಗ್ಲುಟೆನ್ ಸಂವೇದನೆ ಎಂದು ಕರೆಯುವ ಈ ಸ್ಥಿತಿಗೆ ರಕ್ತದಲ್ಲಾಗಲೀ ಕರುಳಿನಲ್ಲಾಗಲೀ ಗುರುತಿಸಬಹುದಾದ ಚಿಹ್ನೆ ಇಲ್ಲ. ಹಾಗಾಗಿ ತಿನ್ನುವವರಿಗೂ ತಿನ್ನಿಸುವವರಿಗೂ ಯಾವುದರಲ್ಲಿ ಏನಿದೆಯೆಂದು ತಿಳಿಯದಂತೆ ನಡೆಸುವ ಪ್ರಯೋಗವೇ ಇಲ್ಲಿ ಪ್ರಯೋಗಾಲಯ. 2013ರಲ್ಲಿ ಆಸ್ಟ್ರೇಲಿಯಾದಲ್ಲಿ ಇಂಥ 37 ಜನರ ಆಹಾರದಿಂದ ಫಾಡ್‌ಮ್ಯಾಪ್ ಎಂಬ, ಕರುಳಿನಲ್ಲಿ ಹುದುಗಿ ಗಾಳಿ ತುಂಬಿಸುವ ಸಕ್ಕರೆಗಳನ್ನು ಮೊದಲು ಕಡಿಮೆ ಮಾಡಿ, ಆಮೇಲೆ ಗುಟ್ಟಾಗಿ ಗ್ಲುಟೆನ್ ಕೊಟ್ಟಾಗ ಗ್ಲುಟೆನ್‌ನಿಂದಲೇ ಆದ ತೊಂದರೆ ಬಹುತೇಕ ಕಾಣಲಿಲ್ಲ. 2018ರಲ್ಲಿ ನಾರ್ವೆಯ ತಂಡವೊಂದು 59 ಜನರಿಗೆ ಗ್ಲುಟೆನ್, ಫ್ರಕ್ಟಾನ್, ಎರಡೂ ಇಲ್ಲದ್ದು ಎಂದು ಮೂರು ಬಗೆಯ ತಿನಿಸನ್ನು ಸರದಿಯಂತೆ ಕೊಟ್ಟಿತು. ಗೋಧಿಯಲ್ಲೇ ಇರುವ ಫ್ರಕ್ಟಾನ್ ಎಂಬ ಸಕ್ಕರೆಯ ಸರಪಳಿ ಗ್ಲುಟೆನ್‌ಗಿಂತ ಹೆಚ್ಚು ತೊಂದರೆ ಕೊಟ್ಟಿತು. ಫ್ರಕ್ಟಾನ್ ಈರುಳ್ಳಿ, ಬೆಳ್ಳುಳ್ಳಿಗಳಲ್ಲೂ ಇದೆ. ಅವುಗಳಿಂದಲೂ ನಿಮಗೆ ಹೀಗಾಗುವುದಾದರೆ ಗ್ಲುಟೆನ್ ಮೇಲಿನ ಆರೋಪವನ್ನು ಮತ್ತೊಮ್ಮೆ ಪರಿಶೀಲಿಸಬೇಕು.

ನಿರೀಕ್ಷೆಗೂ ಇಲ್ಲಿ ಪಾಲಿದೆ ಎಂಬುದು ಸುಳ್ಳಲ್ಲ. ಗ್ಲುಟೆನ್ ತಿನ್ನುತ್ತಿದ್ದೇನೆಂದು ನಂಬಿದ್ದವರಲ್ಲಿ ಲಕ್ಷಣಗಳು ಹೆಚ್ಚಿದ್ದು ಇಂಥ ಪ್ರಯೋಗಗಳಲ್ಲಿ ದಾಖಲಾಗಿದೆ. ನೋವಿನ ನಿರೀಕ್ಷೆ ನೋವನ್ನು ಹೆಚ್ಚಿಸುವುದು ಕರುಳು ಮತ್ತು ಮೆದುಳಿನ ನಡುವಿನ ನರಸಂಬಂಧದ ಗುಣ; ಅದು ರೋಗಿಯ ಸುಳ್ಳಲ್ಲ. ಒಂದು ಎಚ್ಚರಿಕೆ: ಹತ್ತಾರು ಆಹಾರಗಳ ವಿರುದ್ಧ ಐಜಿಜಿ ಎಂಬ ಬಗೆಯ ಪ್ರತಿಕಾಯ ಅಳೆದು ಪಟ್ಟಿ ಕೊಡುವ ಪರೀಕ್ಷೆಗಳಿಗೆ ಹಣ ಹಾಕಬೇಡಿ. ಆ ಪ್ರತಿಕಾಯ ನೀವು ಏನನ್ನು ತಿಂದಿದ್ದೀರಿ ಎನ್ನುತ್ತದೆಯೇ ಹೊರತು ಯಾವುದು ಒಗ್ಗುವುದಿಲ್ಲ ಎನ್ನುವುದಿಲ್ಲ.

ಪ್ರಶ್ನೆ: ನನಗೆ ಸೀಲಿಯಾಕ್ ಇದೆ. ಮಗನ ಜೀನ್ ಪರೀಕ್ಷೆಯಲ್ಲಿ ಡಿಕ್ಯೂ2 ಇದೆಯೆಂದು ಬಂದಿದೆ. ಅವನಿಗೂ ಈಗಲೇ ಗೋಧಿ ನಿಲ್ಲಿಸಬೇಕೆ?

ಉತ್ತರ: ಬೇಡ. ಈ ಜೀನ್‌ಗಳು ಅನೇಕ ಜನಸಮುದಾಯಗಳಲ್ಲಿ ಶೇಕಡಾ 30ರಿಂದ 40ರಷ್ಟು ಮಂದಿಯಲ್ಲಿವೆ, ಕಾಯಿಲೆ ಬರುವುದು ಸುಮಾರು ಶೇಕಡಾ 1ರಷ್ಟು ಜನರಿಗೆ. ತಾಯಿ, ತಂದೆ ಅಥವಾ ಒಡಹುಟ್ಟಿದವರಿಗೆ ಇದ್ದಾಗ ಸಂಭವ ಹೆಚ್ಚು, ಆದರೂ ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚೇನಲ್ಲ. ಅವನು ಎಂದಿನಂತೆ ಉಣ್ಣಲಿ. ಟ್ರಾನ್ಸ್‌ಗ್ಲುಟಾಮಿನೇಸ್ ವಿರುದ್ಧದ ಐಜಿಎ ಬಗೆಯ ಪ್ರತಿಕಾಯದ ಪರೀಕ್ಷೆಯನ್ನು ಒಟ್ಟು ಐಜಿಎ ಪ್ರಮಾಣದ ಜೊತೆಗೆ ಮಾಡಿಸಿ. ಐಜಿಎ ಹುಟ್ಟಿನಿಂದಲೇ ಕಡಿಮೆ ಇರುವ ಮಕ್ಕಳಲ್ಲಿ ಮೊದಲ ಪರೀಕ್ಷೆ ಸುಳ್ಳು ಸಮಾಧಾನ ಕೊಡುತ್ತದೆ. ಪ್ರತಿಕಾಯದ ಮಟ್ಟ ಮಿತಿಯ ಹತ್ತು ಪಟ್ಟು ಮೀರಿ, ಎರಡನೇ ಬಾರಿ ತೆಗೆದ ರಕ್ತದಲ್ಲಿ ಎಂಡೋಮೈಸಿಯಲ್ ಎಂಬ, ಈ ಕಾಯಿಲೆಯ ಇನ್ನೊಂದು ಪ್ರತಿಕಾಯವೂ ಕಂಡುಬಂದರೆ, ಯೂರೋಪಿನ ಮಕ್ಕಳ ತಜ್ಞರ 2020ರ ಮಾರ್ಗಸೂಚಿಯ ಪ್ರಕಾರ ಬಯಾಪ್ಸಿ ಇಲ್ಲದೆಯೂ ರೋಗ ನಿರ್ಣಯಿಸಬಹುದು.

ಪ್ರಶ್ನೆ: ‘ಗ್ಲುಟೆನ್ ಮುಕ್ತ’ ಎಂದರೆ ಸೊನ್ನೆಯೇ? ಗ್ಲುಟೆನ್ ಜೀರ್ಣಿಸುವ ಮಾತ್ರೆ ನುಂಗಿ ಅಪರೂಪಕ್ಕೆ ಬ್ರೆಡ್ ತಿನ್ನಬಹುದೇ?

ಉತ್ತರ: ಸೊನ್ನೆಯಲ್ಲ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿ ಮಿತಿ ಕಿಲೋಗೆ 20 ಮಿಲಿಗ್ರಾಂ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಸೇರಿದರೆ ಕರುಳಿಗೆ ಹಾನಿಯಾಗುವುದನ್ನು ಇಟಲಿಯ ಸಂಶೋಧಕರು 2007ರಲ್ಲಿ ತೋರಿಸಿದ್ದಾರೆ. 20ರ ಮಿತಿಯ ಆಹಾರವನ್ನು ಅರ್ಧ ಕಿಲೋ ತಿಂದರೂ ಸೇರುವುದು 10 ಮಿಲಿಗ್ರಾಂ. ಓಟ್ಸ್ ವಿಷಯದಲ್ಲಿ ಮಾತ್ರ ಜಾಗ್ರತೆ ಬೇಕು, ಅದರಲ್ಲಿ ಗೋಧಿ ಕಾಳು ಬೆರೆತಿರಬಹುದು. ಒಂದು ಗೋಧಿ ಕಾಳಿನಲ್ಲಿ ಮೂರು ನಾಲ್ಕು ಮಿಲಿಗ್ರಾಂ ಗ್ಲುಟೆನ್ ಇರುವುದರಿಂದ, ಇನ್ನೂರು ಗ್ರಾಂ ಓಟ್ಸ್‌ನಲ್ಲಿ ಅಂಥ ಒಂದೆರಡು ಕಾಳು ಸೇರಿದರೆ ಸಾಕು, ಮಿತಿ ಮುಟ್ಟುತ್ತದೆ. ಪರೀಕ್ಷೆಗೆ ತೆಗೆದ ಹಿಡಿಯಲ್ಲಿ ಆ ಕಾಳು ಬಾರದೇ ಹೋಗಬಹುದು.

ಮಾತ್ರೆಯ ಭರವಸೆಯ ಮೇಲೆ ಬ್ರೆಡ್ ತಿನ್ನಬೇಡಿ. ಅಂಗಡಿಯಲ್ಲಿ ಸಿಗುವ ಕಿಣ್ವದ ಮಾತ್ರೆಗಳು ಒಂದು ತುಂಡು ಬ್ರೆಡ್‌ನಲ್ಲಿರುವ ಗ್ರಾಂಗಟ್ಟಲೆ ಗ್ಲುಟೆನ್ನನ್ನು ಜಠರ ಬಿಡುವ ಮೊದಲೇ ಮುಗಿಸುತ್ತವೆಂದು ಸಿದ್ಧವಾಗಿಲ್ಲ. ಬೇರೆ ದಾರಿಯಲ್ಲಿ ಹೊರಟ ಔಷಧವೊಂದು ಆಶೆ ಹುಟ್ಟಿಸಿದೆ: ಟ್ರಾನ್ಸ್‌ಗ್ಲುಟಾಮಿನೇಸ್ ಕಿಣ್ವವನ್ನೇ ತಡೆಯುವ ಜೆಡ್‌ಇಡಿ1227. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರೋಗಿಗಳು ಆರು ವಾರ ದಿನವೂ 3 ಗ್ರಾಂ ಗ್ಲುಟೆನ್ ತಿಂದಾಗ, ಈ ಔಷಧ ಪಡೆದವರ ವಿಲ್ಲೈ ಪಡೆಯದವರಿಗಿಂತ ಕಡಿಮೆ ಸವೆದವು. ಅದು ಬಂದ ಮೇಲೂ ಬಹುಶಃ ಅದರ ಕೆಲಸ ಗೊತ್ತಿಲ್ಲದೆ ಹೊಟ್ಟೆ ಸೇರಿದ ಚೂರುಪಾರಿನಿಂದ ಕರುಳನ್ನು ಕಾಯುವುದು. ಬೇಕೆಂದೇ ತಿಂದ ಬ್ರೆಡ್‌ಗೆ ರಹದಾರಿಯಲ್ಲ.