ಚಮಚ ಕಂಡರೆ ಬಾಯಿ ಮುಚ್ಚುವ ಮಗು

ಪ್ರಶ್ನೆ: ನನ್ನ ಮಗಳಿಗೆ ಹದಿನಾಲ್ಕು ತಿಂಗಳು. ಕಳೆದ ತಿಂಗಳು ನ್ಯುಮೋನಿಯಾ ಆಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಉಸಿರಾಟದ ತೊಂದರೆ ಹೆಚ್ಚಿದ್ದ ಐದು ದಿನ ಮೂಗಿನ ಟ್ಯೂಬಿನಲ್ಲಿಯೇ ಹಾಲು ಕೊಟ್ಟರು. ಮನೆಗೆ ಬಂದು ಹನ್ನೆರಡು ದಿನವಾಯಿತು. ಜ್ವರವಿಲ್ಲ, ಕೆಮ್ಮಿಲ್ಲ, ಆಡಿಕೊಂಡಿದ್ದಾಳೆ. ಆದರೆ ಚಮಚ ಕಂಡ ಕೂಡಲೇ ಬಾಯಿ ಬಿಗಿದು ಮುಖ ತಿರುಗಿಸುತ್ತಾಳೆ. ಬಾಟಲಿಯಲ್ಲಿ ಹಸುವಿನ ಹಾಲನ್ನು ಮಾತ್ರ ಬೇಡವೆನ್ನುವುದಿಲ್ಲ, ದಿನಕ್ಕೆ ಸುಮಾರು ಒಂದು ಲೀಟರ್ ಕುಡಿಯುತ್ತಾಳೆ. ರಾತ್ರಿ ಎದೆಹಾಲು ಕೊಡುತ್ತೇನೆ. ಅತ್ತೆಯವರು ಕಾಲ ಮೇಲೆ ಮಲಗಿಸಿಕೊಂಡು ಒಳಲೆಯಲ್ಲಿ ರಾಗಿ ಸರಿ ಕುಡಿಸುತ್ತಾರೆ. ಅತ್ತು ಅತ್ತು ಕೊನೆಗೆ ಎಲ್ಲವನ್ನೂ ಕಕ್ಕುತ್ತಾಳೆ. ಮೊಬೈಲ್ ತೋರಿಸಿದರೆ ನಾಲ್ಕು ತುತ್ತು ಹೋಗುತ್ತದೆ. 8.9 ಕಿಲೋ ಇದ್ದವಳು ಈಗ 8.1 ಕಿಲೋ. ಮೆಡಿಕಲ್ ಅಂಗಡಿಯಲ್ಲಿ ಹಸಿವಿನ ಟಾನಿಕ್ ಕೊಟ್ಟಿದ್ದಾರೆ. ಇನ್ನೂ ಹಾಕಿಲ್ಲ. ಹಾಕಬಹುದೇ ಡಾಕ್ಟರೇ?
– ಹೆಸರು ಬೇಡ, ತಿಪಟೂರು ತಾಲ್ಲೂಕು

ಉತ್ತರ: ಬೇಡ. ಹಸಿವಿನ ಟಾನಿಕ್ ಎಂದು ಅಂಗಡಿಯಲ್ಲಿ ಸಿಗುವ ಸಿರಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸೈಪ್ರೊಹೆಪ್ಟಡೀನ್. ಅದು ಅಲರ್ಜಿಯ ಔಷಧಿ. ಮಂಪರು ತರಿಸುತ್ತದೆ, ಎರಡು ವರ್ಷದೊಳಗಿನವರಿಗೆ ಹೇಳಿದ್ದಲ್ಲ. ಅಲ್ಲದೆ ನಿಮ್ಮ ಮಗಳಿಗೆ ಹಸಿವಿಲ್ಲವೆಂದು ನನಗೆ ಅನಿಸುತ್ತಿಲ್ಲ. ದಿನಕ್ಕೊಂದು ಲೀಟರ್ ಹಾಲು ಇಳಿಸುವ ಮಗುವಿಗೆ ಹಸಿವಿಲ್ಲ ಎನ್ನುವುದು ಹೇಗೆ? ಅವಳಿಗಿರುವುದು ಭಯ.

ಆ ಹನ್ನೊಂದು ದಿನಗಳನ್ನು ಅವಳ ಕಡೆಯಿಂದ ನೋಡಿ. ಮುಖದ ಹತ್ತಿರ ಬಂದದ್ದೆಲ್ಲ ನೋಯಿಸಿದೆ: ನೆಬ್ಯುಲೈಸರ್ ಮಾಸ್ಕ್, ಕಫ ತೆಗೆಯುವ ನಳಿಕೆ, ಕಹಿ ಔಷಧಿಯ ಸಿರಿಂಜ್. ಟ್ಯೂಬ್ ಗಂಟಲನ್ನು ಉಜ್ಜುತ್ತಲೇ ಇರುತ್ತದೆ. ಅದನ್ನು ಹಾಕಿಸುವ ವೈದ್ಯರಲ್ಲಿ ನಾನೂ ಒಬ್ಬ. ಏದುಸಿರು ಬಿಡುವ ಮಗುವಿಗೆ ಬಾಯಲ್ಲಿ ಹಾಕಿದರೆ ಶ್ವಾಸಕೋಶಕ್ಕೆ ಹೋಗುತ್ತದೆ, ಹಾಗಾಗಿ ಬೇರೆ ದಾರಿ ಇರುವುದಿಲ್ಲ. ಆದರೆ ಅದಕ್ಕೊಂದು ಬೆಲೆ ಇದೆ. ಹಸಿವಾಯಿತು, ಬಾಯಿ ತೆರೆದೆ, ರುಚಿ ಸಿಕ್ಕಿತು, ಹೊಟ್ಟೆ ತುಂಬಿತು ಎಂಬ ಸರಪಳಿ ಆ ಐದು ದಿನ ಕಡಿದುಹೋಗುತ್ತದೆ. ಬಾಯಿಗೆ ಗೊತ್ತಾಗದೆ ಹೊಟ್ಟೆ ತುಂಬುತ್ತದೆ. ಮನೆಗೆ ಕಳಿಸುವಾಗ ಔಷಧಿಯ ಚೀಟಿ ಬರೆದುಕೊಡುವ ನಾವು ಈ ಮಾತನ್ನು ಹೇಳಲು ಮರೆಯುತ್ತೇವೆ. ಈಗ ಅವಳಿಗೆ ಚಮಚವೂ ಸಿರಿಂಜಿನ ಜಾತಿಯದೇ. ಒಳಲೆ ಬಂದಾಗಲೆಲ್ಲ ಆ ಅನುಮಾನ ನಿಜವಾಗುತ್ತಿದೆ.

ಒಳಲೆಯ ಮೇಲೆ ನನಗೆ ಸಿಟ್ಟಿಲ್ಲ. ಬಿಸಿನೀರಿನಲ್ಲಿ ಚೆನ್ನಾಗಿ ತೊಳೆಯಲು ಬರುವ ಪಾತ್ರೆ ಅದು, ಬಾಟಲಿಗಿಂತ ವಾಸಿ. ಆದರೆ ಮಲಗಿಸಿ, ತಲೆ ಹಿಂದಕ್ಕೆ ವಾಲಿಸಿ, ಅಳುತ್ತಿರುವಾಗ ಸುರಿದರೆ ಉಸಿರು ಎಳೆದುಕೊಂಡ ಹೊತ್ತಿಗೆ ಸರಿ ಗಾಳಿಕೊಳವೆಗೆ ಇಳಿಯುತ್ತದೆ. ಈಗಷ್ಟೇ ನ್ಯುಮೋನಿಯಾದಿಂದ ಎದ್ದ ಮಗು ಇದು. ಆದ್ದರಿಂದ ಇವತ್ತಿನಿಂದಲೇ ಅದು ನಿಲ್ಲಲಿ. ಅತ್ತೆಯವರಿಗೆ ಇದನ್ನು ಡಾಕ್ಟರ್ ಹೇಳಿದರೆಂದೇ ಹೇಳಿ, ನಿಷ್ಠುರ ನನ್ನ ಮೇಲಿರಲಿ. ಅವರು ದೃಷ್ಟಿ ತೆಗೆಯುವುದಾದರೆ ತೆಗೆಯಲಿ. ಬಜೆ, ಬೂದಿ ಎಂದು ಬಾಯಿಗೆ ಏನನ್ನೂ ಹಾಕದಿದ್ದರೆ ಸಾಕು.

ಮೊದಲು ಒಂದೆರಡು ವಿಷಯ ನೋಡಿಕೊಳ್ಳಿ. ಹಗಲು ಬೆಳಕಿನಲ್ಲಿ ಅವಳ ಬಾಯಿಯೊಳಗೆ ಇಣುಕಿ. ಕೆನ್ನೆಯ ಒಳಗೆ, ನಾಲಿಗೆಯ ಮೇಲೆ ಮೊಸರಿನ ಕೆನೆಯಂತೆ ಬಿಳಿ ಪೊರೆ ಇದ್ದು, ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಹೋಗದಿದ್ದರೆ ಅದು ಆ್ಯಂಟಿಬಯಾಟಿಕ್ ಬಳಿಕ ಬರುವ ಶಿಲೀಂಧ್ರ. ಉರಿಯುವ ಬಾಯಿ ಏನನ್ನೂ ಒಪ್ಪುವುದಿಲ್ಲ. ಡಾಕ್ಟರ್ ಕೊಡುವ ಹನಿ ಔಷಧಿಯಿಂದ ವಾಸಿಯಾಗುತ್ತದೆ. ಮಲ ಗಟ್ಟಿಯಾಗಿದ್ದರೆ ಅದೂ ಊಟ ಬೇಡವೆನಿಸುವಂತೆ ಮಾಡುತ್ತದೆ. ಮತ್ತೆ ತೋರಿಸಲು ಹೋದಾಗ ರಕ್ತದ ಹಿಮೋಗ್ಲೋಬಿನ್ ನೋಡಿಸಿ. ಅನ್ನ, ಬೇಳೆ, ಸೊಪ್ಪನ್ನು ಬಿಟ್ಟು ಹಸುವಿನ ಹಾಲಿನಲ್ಲೇ ಬದುಕುವ ಮಗುವಿಗೆ ಕಬ್ಬಿಣಾಂಶ ಸಾಲುವುದಿಲ್ಲ, ರಕ್ತ ಕಡಿಮೆಯಾದರೆ ಹಸಿವು ಇನ್ನೂ ಕುಂದುತ್ತದೆ.

ಹಾಗಾಗಿ ಹಾಲನ್ನು ಇಳಿಸಬೇಕು. ಒಂದೇ ದಿನದಲ್ಲಲ್ಲ, ಒಂದು ವಾರದಲ್ಲಿ, ದಿನಕ್ಕೆ 400 ಮಿ.ಲೀ. ಆಸುಪಾಸಿಗೆ. ಅದನ್ನೂ ಊಟ ಆದ ಮೇಲೆ, ಪುಟ್ಟ ಲೋಟದಲ್ಲಿ. ಎದೆಹಾಲನ್ನು ಮುಟ್ಟಬೇಡಿ, ಅದು ಹಾಗೆಯೇ ಇರಲಿ.

ಇನ್ನು ಊಟ. ನೀವೆಲ್ಲ ಉಣ್ಣುವ ಹೊತ್ತಿಗೆ ಅವಳನ್ನೂ ನೆಟ್ಟಗೆ ಕೂರಿಸಿ, ಮುಂದೊಂದು ತಟ್ಟೆ ಇಡಿ. ಒಂದು ಚಮಚವನ್ನು ಅವಳ ಕೈಗೇ ಕೊಡಿ. ಒಳಲೆಯನ್ನೂ ಆಟಕ್ಕೆ ಕೊಡಬಹುದು, ಬಡಿಯಲಿ, ಕಚ್ಚಲಿ. ಮೆತ್ತಗಿನ ಮೊಸರನ್ನ, ಬಾಳೆಹಣ್ಣಿನ ತುಂಡು, ಬೇಯಿಸಿದ ಮೊಟ್ಟೆ, ನೆನೆಸಿದ ಅವಲಕ್ಕಿಯನ್ನು ಕೈಯಲ್ಲಿ ಕಲಸಿಕೊಳ್ಳಲಿ. ನೆಲವೆಲ್ಲ ಅನ್ನವಾಗುತ್ತದೆ, ಆಗಲಿ. ಮೊದಲ ಮೂರು ನಾಲ್ಕು ದಿನ ಬಾಯಿಗೆ ಹೋಗುವುದು ಕಡಿಮೆಯೇ. ನೀವು ಕೊಡುವಾಗ ತುತ್ತನ್ನು ತುಟಿಯ ಹತ್ತಿರ ಹಿಡಿದು ಕಾಯಿರಿ. ಅವಳು ಮುಂದಕ್ಕೆ ಬಾಗಿ ಬಾಯಿ ತೆರೆದರೆ ಕೊಡಿ, ಮುಖ ತಿರುಗಿಸಿದರೆ ಕೈ ಕೆಳಗಿಳಿಸಿ. ಇಪ್ಪತ್ತೈದು ನಿಮಿಷಕ್ಕೆ ತಟ್ಟೆ ತೆಗೆದುಬಿಡಿ. ಗದರಿಕೆ ಬೇಡ, ‘ತಿಂದುಬಿಟ್ಟಳು ನೋಡಿ’ ಎಂಬ ಚಪ್ಪಾಳೆಯೂ ಬೇಡ. ಮುಂದಿನ ಊಟ ಎರಡೂವರೆ, ಮೂರು ಗಂಟೆ ಬಿಟ್ಟು. ನಡುವೆ ನೀರು ಮಾತ್ರ. ಬಿಸ್ಕತ್ತು ಹಿಡಿದು ಬರುವ ಪಕ್ಕದ ಮನೆಯವರನ್ನು ನಗುತ್ತಲೇ ತಡೆಯಿರಿ.

ಔಷಧಿಯನ್ನು ಯಾವ ಕಾರಣಕ್ಕೂ ಊಟದಲ್ಲಿ ಬೆರೆಸಬೇಡಿ. ಅದಕ್ಕೆ ಬೇರೆ ಜಾಗ, ಬೇರೆ ಚಮಚ ಇರಲಿ. ಒಂದು ಸಲ ಅನ್ನದಲ್ಲಿ ಕಹಿ ಸಿಕ್ಕಿತೆಂದರೆ ಅನ್ನದ ಮೇಲಿನ ನಂಬಿಕೆ ಹೋಯಿತು. ಮೊಬೈಲ್ ತೋರಿಸಿ ಹೋಗುವ ನಾಲ್ಕು ತುತ್ತು ನಿಮಗೆ ಸಮಾಧಾನ ಕೊಡುತ್ತದೆ, ನಿಜ. ಆದರೆ ತಾನು ತಿನ್ನುತ್ತಿದ್ದೇನೆ ಎಂಬುದೇ ಅವಳಿಗೆ ಗೊತ್ತಿರುವುದಿಲ್ಲ. ಟ್ಯೂಬ್ ಮಾಡಿದ್ದೂ ಅದನ್ನೇ.

ಕಡಿಮೆ ತಿನ್ನುವ ಮಗುವಿಗೆ ಕೊಡುವ ಪ್ರತಿ ತುತ್ತೂ ಗಟ್ಟಿಮುಟ್ಟಾಗಿರಬೇಕು. ಕಾಯಿಲೆ ಬಿದ್ದು ಎದ್ದವರಿಗೆ ತಿಳಿಸಾರು, ಬೇಳೆಕಟ್ಟು, ನೀರುಗಂಜಿ ಎಂಬುದು ನಮ್ಮ ಕಡೆಯ ರೂಢಿ. ದೊಡ್ಡವರಿಗೆ ಅದು ಹಿತ. ಹೆಚ್ಚೆಂದರೆ ಒಂದು ಲೋಟ ಹಿಡಿಯುವ ಈ ಹೊಟ್ಟೆಗೆ ಅದರಿಂದ ಸಿಗುವುದು ಬಹುಪಾಲು ನೀರು. ಬೇಳೆಯನ್ನೇ ಮಸೆದು ಹಾಕಿ. ಪ್ರತಿ ಊಟಕ್ಕೆ ಒಂದು ಟೀ ಚಮಚ ತುಪ್ಪ ಬೆರೆಸಿದರೆ ಅದೊಂದರಲ್ಲೇ ಸುಮಾರು 45 ಕ್ಯಾಲೊರಿ. ನಿಮ್ಮದು ತೆಂಗಿನ ಸೀಮೆ, ಕೊಬ್ಬರಿ ಎಣ್ಣೆಯೂ ಆದೀತು.

ರಾಗಿ ಸರಿ ಒಳ್ಳೆಯದು, ಮಾಡುವ ಕ್ರಮದಲ್ಲಿ ಒಂದು ಗುಟ್ಟಿದೆ. ರಾಗಿ ಮೊಳಕೆಯೊಡೆದಾಗ ಅದರೊಳಗೆ ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಇದರಿಂದ ಸರಿಗೆ ಹಿಟ್ಟು ಹೆಚ್ಚು ಹಾಕಿದರೂ ಅದು ಅಂಟಂಟಾಗದೆ, ನುಂಗಲು ಹಗುರವಾಗಿ ನಿಲ್ಲುತ್ತದೆ. ಆದರೆ ಘಮ್ಮೆನ್ನಲಿ ಎಂದು ಮೊಳಕೆ ರಾಗಿಯನ್ನು ಕೆಂಪಗೆ ಹುರಿದರೆ ಆ ಕಿಣ್ವ ಸತ್ತುಹೋಗುತ್ತದೆ. ಒಣಗಿಸಿ, ಕೈಗೆ ಬಿಸಿ ತಾಗುವಷ್ಟು ಬೆಚ್ಚಗೆ ಮಾಡಿ ಬೀಸಿಸಿ. ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ನಿಧಾನವಾಗಿ ಬಿಸಿಯೇರಿಸಿ ಕೊನೆಗೆ ಚೆನ್ನಾಗಿ ಕುದಿಸಿ. ಈ ಕೆಲಸದಲ್ಲಿ ಅತ್ತೆಯವರ ಕೈ ನಿಮ್ಮದಕ್ಕಿಂತ ಪಳಗಿರುತ್ತದೆ, ಅವರಿಗೇ ಬಿಡಿ. ಕಡಲೆಕಾಯಿ ಬೀಜವನ್ನು ನುಣ್ಣಗೆ ಪುಡಿ ಮಾಡಿ ಬೆರೆಸಬಹುದು, ಇಡಿಯಾಗಿ ಕೊಡಬಾರದು.

ಮಕ್ಕಳು ಕಾಯಿಲೆಯಿಂದ ಎದ್ದ ಮೇಲೆ ಕನಿಷ್ಠ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಡಬೇಕೆಂಬುದು ವೈದ್ಯರು ಪಾಲಿಸುವ ಸೂತ್ರ. ಅವಳು ಬಾಯಿ ತೆರೆಯಲು ಆರಂಭಿಸಿದ ದಿನದಿಂದ ಅದನ್ನು ಲೆಕ್ಕ ಹಾಕಿ. 8.1 ಕಿಲೋ ಎಂದರೆ ಬೆಳವಣಿಗೆ ನಕ್ಷೆಯಲ್ಲಿ ಇನ್ನೂ ‘ಕಡಿಮೆ ತೂಕ’ದ ಗೆರೆಗಿಂತ ಮೇಲೆಯೇ ಇದ್ದಾಳೆ. ವಾರಕ್ಕೊಮ್ಮೆ ಅಂಗನವಾಡಿಯ ಅದೇ ತಕ್ಕಡಿಯಲ್ಲಿ ತೂಗಿಸಿ, ತಾಯಿ ಕಾರ್ಡಿನಲ್ಲಿ ಗುರುತು ಹಾಕಿಸಿ. ದಿನಾ ತೂಗಿ ದಿನಾ ಅಳಬೇಡಿ. ಎರಡು ವಾರವಾದರೂ ತೂಕ ಏರದಿದ್ದರೆ, ಅಥವಾ ಅಂಗನವಾಡಿಯವರು ಪಟ್ಟಿಯಲ್ಲಿ ಅಳೆದಾಗ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಮಕ್ಕಳ ವೈದ್ಯರಲ್ಲಿಗೆ ಹೋಗಿ. ಜಿಲ್ಲಾ ಆಸ್ಪತ್ರೆಯಲ್ಲಿ ಇಂಥ ಮಕ್ಕಳಿಗೆಂದೇ ಪೌಷ್ಟಿಕ ಪುನಶ್ಚೇತನ ಕೇಂದ್ರವಿದೆ.

ತಿನ್ನುವಾಗ ಪ್ರತಿ ಸಲವೂ ಕೆಮ್ಮು ಬರುತ್ತಿದ್ದರೆ, ತಿಂದ ಮೇಲೆ ದನಿ ನೀರು ತುಂಬಿದಂತೆ ಗೊರಗೊರ ಎನ್ನುತ್ತಿದ್ದರೆ, ಹಾಲು ಮೂಗಿನಲ್ಲಿ ಬರುತ್ತಿದ್ದರೆ ಅದಕ್ಕೆ ಕಾರಣ ಅವಳ ಭಯವಲ್ಲ, ನುಂಗುವುದರಲ್ಲೇ ತೊಡಕಿದೆ ಎಂದರ್ಥ. ಆಗ ವೈದ್ಯರ ಚೀಟಿಯೊಂದಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು. ಮಾತಿನ ತೊಂದರೆಗಳ ಜೊತೆಗೆ ನುಂಗುವ ತೊಂದರೆಯನ್ನೂ ಅಲ್ಲಿ ನೋಡುತ್ತಾರೆ.

ಈ ಕೆಳಗಿನವು ಕಂಡರೆ ಮಾತ್ರ ಕಾಯಬೇಡಿ, ರಾತ್ರಿಯಾದರೂ ಹೊರಡಿ: ಮಲಗಿರುವಾಗ ನಿಮಿಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರು, ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆಯುವುದು, ತುಟಿ ನೀಲಿಯಾಗುವುದು, ಹಾಲು ನೀರನ್ನೂ ಕುಡಿಯದಿರುವುದು, ಆರೇಳು ಗಂಟೆ ಮೂತ್ರ ಮಾಡದಿರುವುದು, ಎಬ್ಬಿಸಿದರೂ ಎಚ್ಚರವಾಗದ ಮಂಪರು.

ಟಾನಿಕ್ಕಿನ ಸೀಲು ಒಡೆಯದಿದ್ದರೆ ಹಿಂದಿರುಗಿಸಿ, ಆ ದುಡ್ಡಿಗೆ ಮೊಟ್ಟೆ ತನ್ನಿ.