ಪ್ರತಿ: ಸ್ಯಾಟಲೈಟ್ ಇಲ್ಲದೆ ಊರಿನ ಚಾನೆಲ್ ಹೇಗೆ ನಡೀತಿತ್ತು?

ಮಂಗಳೂರಿನ ಲೋಕಲ್ ಚಾನೆಲ್‌ಗಳು ಸ್ಯಾಟಲೈಟ್ ಇಲ್ಲದೆ ಹೇಗೆ ನಡೆದವು, ಉಡುಪಿಯ ನಿಮ್ಮ ಅತ್ತೆ ಮನೆಯಲ್ಲಿ ಅವು ಯಾಕೆ ಕಾಣದಾದವು ಅಂತ ಕೇಳಿದ್ದೀರಿ.

ಮೊದಲನೆಯದು ಸುಲಭ. ಆಕಾಶದ ಗೊಡವೆಯೇ ಇರಲಿಲ್ಲ. ಕೇಬಲ್‌ನವರ ಕಂಟ್ರೋಲ್ ರೂಮಿನಲ್ಲಿ ಕ್ಯಾಸೆಟ್ ಓಡಿಸುವ ಒಂದು ವಿಸಿಆರ್, ಅದರ ಚಿತ್ರವನ್ನು ಟಿವಿ ಚಾನೆಲ್ಲಿನ ಸಿಗ್ನಲ್ ಮಾಡುವ ಒಂದು ಮಾಡ್ಯುಲೇಟರ್. ಕ್ಯಾಸೆಟ್ ಹಾಕಿದರೆ ಖಾಲಿ ಇದ್ದ ನಂಬರಿನಲ್ಲಿ ಚಾನೆಲ್ ರೆಡಿ. ಅಲ್ಲಿಂದ ತೆಂಗಿನ ಮರ, ಕರೆಂಟು ಕಂಬ ದಾಟಿ ವಯರು ಮನೆಗೆ ಬರುತ್ತಿತ್ತು. ಒಂದು ಗಾಳಿಮಳೆ ಬಂದರೆ ಮುಗೀತು! 1995ರ ಕೇಬಲ್ ಕಾಯ್ದೆ ಬಂದ ಮೇಲೆ ಆಪರೇಟರ್‌ಗಳು ಹೆಡ್ ಪೋಸ್ಟ್ ಆಫೀಸಿನಲ್ಲಿ ನೋಂದಣಿ ಮಾಡಿಸಬೇಕಾಯಿತು. ಹೌದು, ಅಂಚೆ ಕಚೇರಿಯಲ್ಲೇ.

ನೋಡುವವರಿಗೆ ಬೇಕಾದದ್ದು ಯಕ್ಷಗಾನ, ಕಂಬಳ, ಕುದ್ರೋಳಿ ದಸರಾ ಮೆರವಣಿಗೆ, ಉಡುಪಿಯಲ್ಲಾದರೆ ಎರಡು ವರ್ಷಕ್ಕೊಮ್ಮೆ ಕೃಷ್ಣ ಮಠದ ಪೂಜೆ ಕೈಬದಲಾಗುವ ಪರ್ಯಾಯ ಉತ್ಸವ. ಇವನ್ನೆಲ್ಲ ಬೆಂಗಳೂರಿನ ಚಾನೆಲ್ ಗಂಟೆಗಟ್ಟಲೆ ತೋರಿಸುತ್ತದಾ? ‘ನಮ್ಮ ಟಿವಿ’, ‘ವಿ4’ನಂಥ ಮಂಗಳೂರಿನ ಚಾನೆಲ್‌ಗಳು ಬೆಳೆದದ್ದು ಈ ಜಾಗದಲ್ಲೇ. ತುಳುವಿಗಂತೂ ಟಿವಿಯಲ್ಲಿ ಜಾಸ್ತಿ ಜಾಗ ಸಿಕ್ಕಿದ್ದು ಇಲ್ಲೇ ಅಂತ ನನ್ನ ಲೆಕ್ಕ.

ಇನ್ನು ಕಾಣದಾದದ್ದು. ಅದೇ ಕೇಬಲ್ ಕಾಯ್ದೆಯ 2011ರ ತಿದ್ದುಪಡಿಯಿಂದ ಕೇಬಲ್ ಹಂತ ಹಂತವಾಗಿ ಡಿಜಿಟಲ್ ಆಗಬೇಕಾಯಿತು. ನಮ್ಮಂಥ ಊರುಗಳು ಮೂರನೇ ಹಂತ, ಗಡುವು 2015ರ ಡಿಸೆಂಬರ್ 31. ಸೆಟ್‌ಟಾಪ್ ಬಾಕ್ಸ್ ಬಂದ ಮೇಲೆ ಓಣಿಯ ಆಪರೇಟರ್ ಕ್ಯಾಸೆಟ್ ಹಾಕಿದರೆ ಸಾಲದು. ಸಿಗ್ನಲ್ ಕೊಡುವ ದೊಡ್ಡ ಕಂಪನಿ ತನ್ನ ಪಟ್ಟಿಗೆ ಸೇರಿಸಬೇಕು. ಸೇರಿಸಿದರೂ ನಂಬರು ಎಲ್ಲೋ ಮೂಲೆಯಲ್ಲಿ.

ಅತ್ತೆ ಮನೆಯ ಮಾಡಿನ ಮೇಲೆ ಡಿಶ್ ಇದೆಯಾ, ಮೊದಲು ನೋಡಿ. ಡಿಟಿಎಚ್‌ಗೆ, ಅಂದರೆ ಡಿಶ್‌ನಿಂದ ನೇರ ಸ್ಯಾಟಲೈಟ್ ಸಿಗ್ನಲ್ ಪಡೆಯುವ ಟಿವಿಗೆ, ಹೋದವರಿಗೆ ಕೇಬಲ್‌ನ ಊರಿನ ಚಾನೆಲ್ ಸಿಗುವುದಿಲ್ಲ. ಯೂಟ್ಯೂಬಿನಲ್ಲಿ ಹುಡುಕಿ ಕೊಡಿ.