ನಾಟಕ ನಡೆಯುವಾಗಲೇ ‘ಇದು ನಾಟಕ’ ಅಂತ ನೆನಪಿಸಿದರೆ ತನ್ಮಯತೆ ಹಾಳಾಗುವುದಿಲ್ಲವೇ?

ನೀವು ಮೊನ್ನೆ ಗಿರೀಶ ಕಾರ್ನಾಡರ ‘ನಾಗಮಂಡಲ’ ನೋಡಿದ್ದೀರಿ. ರಾತ್ರಿ ಗಂಡನ ರೂಪ ತಾಳಿ ಬರುವ ನಾಗ ಮತ್ತು ರಾಣಿಯ ಕಥೆ ತುಂಬ ಹಿಡಿಸಿತು, ಆದರೆ ಮೊದಲಿಗೆ ಬರುವ ಆ ಹಾಳು ಗುಡಿ, ನಾಟಕಕಾರ, ಮಾತಾಡುವ ಜ್ಯೋತಿಗಳು ಯಾಕೆ, ನೇರ ಕಥೆಗೇ ಹೋಗಬಹುದಿತ್ತಲ್ವಾ ಎಂದು ಕೇಳಿದ್ದೀರಿ. ನಮ್ಮೂರಿನ ಹವ್ಯಾಸಿ ತಂಡ ಈ ನಾಟಕ ಆಡಿದಾಗ ನಾನು ಆ ಜ್ಯೋತಿಗಳಲ್ಲಿ ಒಬ್ಬಳಾಗಿದ್ದೆ. ತಾಲೀಮಿನ ಮೊದಲ ವಾರ ನನಗೂ ಇದೇ ಪ್ರಶ್ನೆ ಇತ್ತು. ಈಗ ಇಲ್ಲ.

ಆ ಮೊದಲ ದೃಶ್ಯವನ್ನು ಇನ್ನೊಮ್ಮೆ ನೆನೆಸಿಕೊಳ್ಳಿ. ಗುಡಿಯಲ್ಲಿ ಕೂತ ನಾಟಕಕಾರನಿಗೆ ಸಾವಿನ ಶಾಪ ತಗುಲಿದೆ. ಆ ತಿಂಗಳಲ್ಲಿ ಒಂದು ಇಡೀ ರಾತ್ರಿ ಎಚ್ಚರವಾಗಿದ್ದರೆ ಬದುಕುತ್ತಾನೆ. ಇಲ್ಲದಿದ್ದರೆ ತಿಂಗಳ ಕೊನೆಯ ರಾತ್ರಿ ಸಾಯುತ್ತಾನೆ. ಅವನು ಮಾಡಿದ ತಪ್ಪೇನು? ನಾಟಕ ಬರೆದ, ಆಡಿಸಿದ. ನಂಬಿ ಬಂದ ಜನ ಕುರ್ಚಿಯಲ್ಲೇ ಮುದುಡಿಕೊಂಡು ನಿದ್ದೆ ಹೋದರು. ಆ ನಿದ್ದೆಯೆಲ್ಲ ಒಟ್ಟಾಗಿ ಶಾಪವಾಯಿತು. ನೋಡುವವರಿಗೆ ಇಲ್ಲಿ ನಗು ಬರುತ್ತದೆ. ಆದರೆ ರಂಗದ ಮೇಲೆ ನಿಂತವರಿಗೆ ಇದು ನಿಜವಾದ ಭಯ. ಕತ್ತಲಲ್ಲಿ ಯಾರಾದರೂ ಆಕಳಿಸಿದರೆ ನಮಗೆ ಕೇಳಿಸುತ್ತದೆ.

ಈ ದೃಶ್ಯ ಆದಮೇಲೆ ನೀವು ಸುಮ್ನೆ ನೋಡುತ್ತಾ ಕೂತವರಲ್ಲ. ಕಥೆ ಹಿಡಿಸದಿದ್ದರೆ ಒಂದು ಜೀವ ಹೋಗುತ್ತದೆ ಅಂತ ನಿಮಗೆ ಗೊತ್ತು.

ಇನ್ನು ಜ್ಯೋತಿಗಳು. ಮನೆಗಳಲ್ಲಿ ದೀಪ ಆರಿಸಿದ ಮೇಲೆ ಅವು ಗುಡಿಯಲ್ಲಿ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತವೆ. ಅಲ್ಲೊಂದು ಸುದ್ದಿ: ಒಬ್ಬ ಮುದುಕಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಕಥೆ ಅವಳ ಬಾಯಿಂದ ತಪ್ಪಿಸಿಕೊಂಡು ಹೆಣ್ಣಾಯಿತು, ಹಾಡು ಆ ಹೆಣ್ಣು ಉಟ್ಟ ಸೀರೆಯಾಯಿತು. ಇಂಥ ಕಥೆಗಳು ಕಾರ್ನಾಡರಿಗೆ ಬಂದದ್ದು ಕವಿ, ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ಅವರಿಂದ. ಅವು ಮನೆಯ ಹೆಂಗಸರು ಮಕ್ಕಳಿಗೆ ಊಟ ಮಾಡಿಸುತ್ತಾ ಹೇಳುವ ಕಥೆಗಳು. ಬಾಯಿಂದ ಬಾಯಿಗೆ ಹೋಗದಿದ್ದರೆ ಅವು ಸಾಯುತ್ತವೆ. ಅದಕ್ಕೇ ಗುಡಿಗೆ ಬಂದ ‘ಕಥೆ’ ನಾಟಕಕಾರನಿಗೆ ಒಂದು ಷರತ್ತು ಹಾಕುತ್ತಾಳೆ: ಕೇಳಿದರೆ ಸಾಲದು, ಇನ್ನೊಬ್ಬರಿಗೆ ಹೇಳಬೇಕು. ನಾಟಕದ ಸಹವಾಸವೇ ಬೇಡ ಅಂತ ಆಣೆ ಇಟ್ಟವನು ಒಪ್ಪಿಕೊಳ್ಳುತ್ತಾನೆ. ಗುಡಿಯ ಈ ಚೌಕಟ್ಟನ್ನು ಕಿತ್ತು ಹಾಕಿದರೆ ಹಾವಿನ ಕಥೆಯೊಂದು ಉಳಿಯುತ್ತದೆ. ಅದನ್ನು ಯಾಕೆ ಹೇಳಬೇಕಿತ್ತು ಎಂಬುದು ಹೋಗಿಬಿಡುತ್ತದೆ.

ತನ್ಮಯತೆಯ ವಿಷಯಕ್ಕೆ ಬಂದರೆ, ನನಗೆ ಮೊದಲು ನೆನಪಾಗುವುದು 8ನೇ ಶತಮಾನದ ಸಂಸ್ಕೃತ ನಾಟಕಕಾರ ಭವಭೂತಿ. ‘ಉತ್ತರರಾಮಚರಿತ’ದ ಏಳನೇ ಅಂಕದಲ್ಲಿ ರಾಮ ಗಂಗೆಯ ದಡದಲ್ಲಿ ನಾಟಕ ನೋಡುತ್ತಾನೆ. ಬರೆದವರು ವಾಲ್ಮೀಕಿ, ಆಡುವವರು ಅಪ್ಸರೆಯರು. ಕಥೆ ಅವನದೇ, ಕಾಡಿಗೆ ಬಿಟ್ಟ ಸೀತೆಯದು. ಗಂಗೆಗೆ ಹಾರಲು ಹೊರಟ ಸೀತೆಯ ಕೂಗು ಕೇಳಿದ್ದೇ ತಡ, ರಾಮ ಎಲ್ಲ ಮರೆತು ಅವಳನ್ನು ತಡೆಯಲು ಹೋಗುತ್ತಾನೆ. ಪಕ್ಕದಲ್ಲಿದ್ದ ಲಕ್ಷ್ಮಣ, ಅಣ್ಣಾ, ಇದು ನಾಟಕ ಅನ್ನುತ್ತಾನೆ. ಆ ಮಾತು ರಾಮನನ್ನು ತಡೆಯಿತಾ? ಇಲ್ಲ. ಅವನು ಕೊನೆಗೆ ಮೂರ್ಛೆಯೇ ಹೋಗುತ್ತಾನೆ. ನಾಟಕ ಅಂತ ಗೊತ್ತಿರುವುದು ಬೇರೆ, ಮನಸ್ಸು ಕರಗುವುದು ಬೇರೆ. ಎರಡೂ ಒಟ್ಟಿಗೇ ಇರುತ್ತವೆ. ಇನ್ನೂ ದೊಡ್ಡದೆಂದರೆ, ಆ ನಾಟಕ ಮುಗಿಯುವ ಹೊತ್ತಿಗೆ ನಿಜವಾದ ಸೀತೆಯೇ ಬಂದು ನಿಲ್ಲುತ್ತಾಳೆ. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ಕೂಡ ನಾಟಕ ಆಡಿಸಿಯೇ ಕೊಲೆಗಾರ ರಾಜನನ್ನು ಹಿಡಿಯುತ್ತಾನೆ. ಆದರೆ ಅಲ್ಲಿ ನಾಟಕ ಒಂದು ಬಲೆ. ಭವಭೂತಿಯಲ್ಲಿ ಅದು ಕಳೆದುಹೋದವಳನ್ನು ವಾಪಸ್ ತಂದು ಕೊಡುತ್ತದೆ. ನನಗೆ ಇದೇ ಜಾಸ್ತಿ ಇಷ್ಟ.

‘ನಾಗಮಂಡಲ’ದ ಕೊನೆಯಲ್ಲೂ ಹೀಗೆಯೇ ಒಂದು ಪಡೆದುಕೊಳ್ಳುವಿಕೆ ಇದೆ. ಕಥೆ ಸುಖವಾಗಿ ಮುಗಿಯಿತು ಅನ್ನುವಾಗ ಆ ನಾಟಕಕಾರನೇ ತಕರಾರು ತೆಗೆಯುತ್ತಾನೆ: ಹಾಸಿಗೆಗೆ ಬಂದ ಗಂಡ ಬೇರೆಯವನು ಅಂತ ರಾಣಿಗೆ ತಿಳಿಯದೆ ಇರುತ್ತದೆಯೇ? ಅವನು, ಜ್ಯೋತಿಗಳು ಹಟ ಹಿಡಿದದ್ದಕ್ಕೇ ಕಥೆ ಮುಂದೆ ಹೋಗುತ್ತದೆ. ಕಡೆಯ ಮುಕ್ತಾಯದಲ್ಲಿ ನಾಗ ಸಾಯುವುದಿಲ್ಲ, ರಾಣಿಯ ಕೂದಲಲ್ಲಿ ಉಳಿಯುತ್ತದೆ. ಕೇಳುವವರು ಸುಮ್ಮನಿದ್ದಿದ್ದರೆ ಅದು ಬದುಕುತ್ತಿರಲಿಲ್ಲ.

ನಮ್ಮ ಪ್ರಯೋಗದಲ್ಲಿ ನಾವು ಜ್ಯೋತಿಗಳು ರಂಗದ ಅಂಚಿನಲ್ಲೇ ಕೂತು ಪೂರ್ತಿ ಕಥೆ ನೋಡುತ್ತಿದ್ದೆವು. ಪ್ರತಿ ಮಾತೂ ಬಾಯಿಪಾಠ. ಆದರೂ ರಾಣಿ ತನ್ನ ಶೀಲ ಸಾಬೀತುಪಡಿಸಲು ಹಾವಿನ ಹುತ್ತಕ್ಕೆ ಕೈ ಹಾಕುವಾಗ ಪ್ರತಿ ಸಲ ನನ್ನ ಉಸಿರು ನಿಲ್ಲುತ್ತಿತ್ತು. ಮುಂದಿನ ಸಲ ನೋಡುವಾಗ, ಆ ಘಳಿಗೆಯಲ್ಲಿ ರಾಣಿಯನ್ನು ಬಿಟ್ಟು ಒಮ್ಮೆ ಜ್ಯೋತಿಗಳ ಮುಖ ನೋಡಿ.